ಕಾರ್ಖಾನೆಯಲ್ಲಿ ಏನೂ ಬದಲಾಗಿಲ್ಲ, ಸರಕಿನ ಮೂಲ ಬದಲಾಗಿದ್ದು ಹೇಗೆ?

ಪ್ರಶ್ನೆ: ಮೆಕ್ಸಿಕೊದಲ್ಲಿ ಕಾರಿನ ಸ್ಟೀರಿಂಗ್ ಕಾಲಂ ತಯಾರಿಸುವ ಒಂದು ಮಧ್ಯಮ ಗಾತ್ರದ ಕಂಪನಿಯ ಖರೀದಿ ವಿಭಾಗದಲ್ಲಿ ನಾನು ಕೆಲಸ ಮಾಡುತ್ತೇನೆ. ನಮ್ಮ ಮಾಲು ಅಮೆರಿಕದ ಕಾರು ಕಾರ್ಖಾನೆಗೆ ಹೋಗುತ್ತದೆ. ನಾಫ್ತಾ (ಅಮೆರಿಕ, ಕೆನಡಾ, ಮೆಕ್ಸಿಕೊ ನಡುವಿನ ಮುಕ್ತ ವ್ಯಾಪಾರ ಒಪ್ಪಂದ) ಕಾಲದಿಂದಲೂ ಸುಂಕವಿಲ್ಲದೆ ಹೋಗುತ್ತಿತ್ತು. 2020ರಲ್ಲಿ ಅದರ ಜಾಗಕ್ಕೆ ಯುಎಸ್‌ಎಂಸಿಎ ಬಂದಾಗ ಹೊಸದಾಗಿ ಲೆಕ್ಕ ಹಾಕಿಸಿದೆವು, ಪ್ರಾದೇಶಿಕ ಮೌಲ್ಯ (ಮಾಲಿನ ಮೌಲ್ಯದಲ್ಲಿ ಈ ಮೂರು ದೇಶಗಳ ಪಾಲು) ಶೇ 72.5 ಬಂತು, ಪಾಸಾಯಿತು. ಆಮೇಲೆ ಪ್ರತಿ ವರ್ಷ, ಸರಕು ಎಲ್ಲಿಯದು ಎಂದು ಹೇಳುವ ಅದೇ ಸರ್ಟಿಫಿಕೇಟಿನ ತಾರೀಖು ಬದಲಿಸಿ ಕಳಿಸುತ್ತಾ ಬಂದಿದ್ದೇವೆ. ಈಗ ಖರೀದಿದಾರರು ಪರಿಶೀಲನೆಗೆಂದು ಕಡತ ಕೇಳಿದ್ದಾರೆ. 2023ರ ಜುಲೈ ನಂತರ ಕಳಿಸಿದ ಮಾಲಿಗೆ ನಮ್ಮ ಸರ್ಟಿಫಿಕೇಟ್ ನಿಲ್ಲುವುದಿಲ್ಲ ಅನ್ನುತ್ತಿದ್ದಾರೆ. ಅದೇ ಮಷಿನ್, ಅದೇ ಸಪ್ಲೈಯರುಗಳು, ಅದೇ ಕೆಲಸಗಾರರು. ನಾವು ಏನನ್ನೂ ಬದಲಾಯಿಸಿಲ್ಲ. ಈ ನಿಯಮಗಳನ್ನು ಯಾರು, ಯಾವಾಗ, ಹೇಗೆ ಬದಲಾಯಿಸುತ್ತಾರೆ? ನಾವೀಗ ಏನು ಮಾಡಬೇಕು?

ಉತ್ತರ: ನಿಮ್ಮ ಖರೀದಿದಾರರು ತಾರೀಖನ್ನು ಸರಿಯಾಗಿಯೇ ಹಿಡಿದಿದ್ದಾರೆ. ಹೊಸ ಕಾರಿಗೆ ಜೋಡಣೆಯಾಗುವ ಸ್ಟೀರಿಂಗ್ ಭಾಗಗಳನ್ನು ಯುಎಸ್‌ಎಂಸಿಎ ‘ಕೋರ್ ಪಾರ್ಟ್ಸ್’ ಎಂಬ ಪಟ್ಟಿಯಲ್ಲಿ ಇಟ್ಟಿದೆ. ಆ ಪಟ್ಟಿಯ ಸರಕಿಗೆ ನೆಟ್ ಕಾಸ್ಟ್ ಲೆಕ್ಕದಲ್ಲಿ, ಅಂದರೆ ಮಾರುವ ಬೆಲೆಯ ಬದಲು ತಯಾರಿಕೆಯ ನಿವ್ವಳ ಖರ್ಚಿನ ಮೇಲೆ ಹಾಕುವ ಲೆಕ್ಕದಲ್ಲಿ, ಬೇಕಾದ ಪ್ರಾದೇಶಿಕ ಮೌಲ್ಯ ಒಪ್ಪಂದ ಜಾರಿಯಾದ 2020ರ ಜುಲೈ 1ರಂದು ಶೇ 66 ಇತ್ತು. ವರ್ಷ ಕಳೆದಂತೆ ಅದು 69, 72 ಎಂದು ಏರಿ 2023ರ ಜುಲೈ 1ರಿಂದ ಶೇ 75ಕ್ಕೆ ಬಂದು ನಿಂತಿದೆ. ನಿಮ್ಮ 72.5 ಮೊದಲ ಮೂರು ವರ್ಷ ದಾಟಿತು, ನಾಲ್ಕನೇ ಮೆಟ್ಟಿಲಿನಲ್ಲಿ ಎರಡೂವರೆ ಅಂಶಕ್ಕೆ ಎಡವಿತು. ಆ ದಿನ ಯಾರೂ ಹೊಸ ನಿಯಮ ಬರೆಯಲಿಲ್ಲ. ಏರಿಕೆಯ ವೇಳಾಪಟ್ಟಿ ಒಪ್ಪಂದಕ್ಕೆ ಸಹಿ ಬಿದ್ದ ದಿನವೇ ಅದರ ಅನುಬಂಧದಲ್ಲಿ ಅಚ್ಚಾಗಿತ್ತು.

ಆದರೆ ನಿಮ್ಮ ಮಾಲು ಬಿದ್ದೇ ಹೋಯಿತು ಎಂದು ಈಗಲೇ ತೀರ್ಮಾನಿಸಬೇಡಿ. 72.5 ಎಂಬ ಅಂಕಿ ಬಂದದ್ದು ಹೇಗೆ ಎಂದು ಮೊದಲು ನೋಡಬೇಕು. ಅಲ್ಲಿಗೆ ಬರುತ್ತೇನೆ. ಅದಕ್ಕೆ ಮುಂಚೆ ನಿಮ್ಮ ಮನಸ್ಸಿನಲ್ಲಿರುವ ನಿಜವಾದ ಪ್ರಶ್ನೆಗೆ ಉತ್ತರಿಸಬೇಕು: ಏನನ್ನೂ ಬದಲಾಯಿಸದ ಸರಕಿನ ಮೂಲ ಬದಲಾಗುವುದು ಹೇಗೆ?

ಸರಕಿನ ಮೂಲ ಎನ್ನುವುದು ಲೋಹದಲ್ಲೋ ಅಚ್ಚಿನಲ್ಲೋ ಅಂಟಿಕೊಂಡಿರುವ ಗುಣವಲ್ಲ. ಇಂಥ ತಾರೀಖಿನಂದು, ಇಂಥ ಒಪ್ಪಂದದ ಇಂಥ ನಿಯಮದ ಪ್ರಕಾರ, ಇಂಥ ಲೆಕ್ಕದ ಆಧಾರದ ಮೇಲೆ ಹೇಳುವ ಮಾತು ಅದು. ಮೂರರಲ್ಲಿ ಯಾವುದೊಂದು ಅಲುಗಾಡಿದರೂ ಮಾತು ಸುಳ್ಳಾಗಬಹುದು. ನಾನು ಈ ಕೆಲಸದಲ್ಲಿ ಕಂಡ ತೊಂದರೆಗಳಲ್ಲಿ ಮೋಸದಿಂದ ಹುಟ್ಟಿದವು ಬಹಳ ಕಡಿಮೆ. ಹೆಚ್ಚಿನವು ನಿಮ್ಮ ಹಾಗೆಯೇ, ಒಮ್ಮೆ ಹಾಕಿದ ಲೆಕ್ಕವನ್ನು ಶಾಶ್ವತ ಎಂದು ನಂಬಿದ್ದರಿಂದ ಆದವು. ಹಲವು ಸಾಗಣೆಗಳಿಗೆ ಕೊಡುವ ಒಂದು ಸರ್ಟಿಫಿಕೇಟ್ ಹೆಚ್ಚೆಂದರೆ ಹನ್ನೆರಡು ತಿಂಗಳ ಮಾಲಿಗೆ ಮಾತ್ರ ಅನ್ವಯಿಸುತ್ತದೆ, ಹಾಗಾಗಿ ವರ್ಷಕ್ಕೊಮ್ಮೆಯಾದರೂ ಲೆಕ್ಕವನ್ನು ಮತ್ತೆ ತೆರೆದು ನೋಡಬೇಕು.

ಮುಕ್ತ ವ್ಯಾಪಾರ ಒಪ್ಪಂದಕ್ಕೆ ಮೂಲ ನಿಯಮ ಇಲ್ಲದಿದ್ದರೆ ಏನಾಗುತ್ತದೆ ಎಂದು ಯೋಚಿಸಿ. ಮೂರು ದೇಶಗಳು ತಮ್ಮೊಳಗೆ ಸುಂಕ ಬೇಡ ಎಂದು ಒಪ್ಪಿವೆ, ಹೊರಗಿನವರಿಗೆ ಮಾತ್ರ ಪ್ರತಿಯೊಂದೂ ತನ್ನದೇ ಸುಂಕ ಇಟ್ಟುಕೊಂಡಿದೆ. ಹೊರಗಿನ ಸರಕು ಸುಂಕ ಕಡಿಮೆ ಇರುವ ದೇಶದ ಬಾಗಿಲಿನಿಂದ ಒಳಗೆ ಬಂದು, ಅಲ್ಲಿಂದ ಉಳಿದ ಎರಡು ದೇಶಗಳಿಗೆ ಪುಕ್ಕಟೆಯಾಗಿ ದಾಟಿಬಿಡುತ್ತದೆ. ಅದನ್ನು ತಡೆಯಲು ‘ಇದು ನಮ್ಮಲ್ಲೇ ತಯಾರಾದದ್ದು’ ಎನ್ನಲು ಎಷ್ಟು ಕೆಲಸ ನಮ್ಮಲ್ಲಿ ಆಗಿರಬೇಕು ಎಂಬ ಗೆರೆ ಬೇಕು. ಆ ಗೆರೆಯನ್ನು ಎಲ್ಲಿ ಎಳೆಯುತ್ತೀರಿ ಎಂಬುದರ ಮೇಲೆ ಯಾವ ಕಾರ್ಖಾನೆ ಎಲ್ಲಿ ನಿಲ್ಲುತ್ತದೆ ಎಂಬುದು ನಿಂತಿದೆ. ಹಾಗಾಗಿ ಆ ಗೆರೆ ಸುಮ್ಮನೆ ಒಂದೆಡೆ ಇರುವುದಿಲ್ಲ.

ನಿಮ್ಮ ಉದ್ಯಮದ ಇತಿಹಾಸವೇ ಇದಕ್ಕೆ ಒಳ್ಳೆಯ ಪಾಠ. ನಾಫ್ತಾಕ್ಕೂ ಮುಂಚೆ, 1989ರ ಜನವರಿಯಿಂದ, ಅಮೆರಿಕ ಮತ್ತು ಕೆನಡಾ ನಡುವೆ ಮಾತ್ರ ಒಂದು ಒಪ್ಪಂದ ಇತ್ತು. ಅದರಲ್ಲಿ ಕಾರಿಗೆ ಶೇ 50 ಸಾಕಿತ್ತು. ಒಂಟಾರಿಯೊದಲ್ಲಿ ಜೋಡಿಸಿದ ಹೋಂಡಾ ಸಿವಿಕ್ ಕಾರುಗಳು ಆ ಐವತ್ತನ್ನೂ ಮುಟ್ಟಿಲ್ಲ ಎಂದು 1992ರಲ್ಲಿ ಅಮೆರಿಕದ ಕಸ್ಟಮ್ಸ್ ತೀರ್ಮಾನಿಸಿತು. ಜಗಳವೆಲ್ಲ ಎಂಜಿನ್ನಿನ ಸುತ್ತ ಇತ್ತು. ಅದು ಅಮೆರಿಕದ್ದೇ ಒಹಾಯೊ ರಾಜ್ಯದಲ್ಲಿ ಜೋಡಣೆಯಾದದ್ದು. ಆದರೂ ಲೆಕ್ಕದ ವಿಧಾನದ ಪ್ರಕಾರ ಅದು ಸ್ಥಳೀಯ ಅಲ್ಲ ಎಂದಾಯಿತು. ಶೇಕಡಾವಾರು ಎಷ್ಟು ಎನ್ನುವುದಕ್ಕಿಂತ ಅದನ್ನು ಎಣಿಸುವುದು ಹೇಗೆ ಎನ್ನುವುದೇ ದೊಡ್ಡದು ಎಂದು ಆಗ ಎಲ್ಲರಿಗೂ ಅರ್ಥವಾಯಿತು.

ಆ ಅನುಭವ ಹಸಿಯಾಗಿದ್ದಾಗಲೇ ನಾಫ್ತಾದ ಮಾತುಕತೆ ನಡೆಯಿತು. ಹಾಗಾಗಿ 1994ರಲ್ಲಿ ಜಾರಿಯಾದ ಆ ಒಪ್ಪಂದದಲ್ಲಿ ‘ಟ್ರೇಸಿಂಗ್’ ಎಂಬ ಏರ್ಪಾಟು ಬಂತು. ಒಂದು ಪಟ್ಟಿ ಮಾಡಿ, ಅದರಲ್ಲಿರುವ ವಿದೇಶಿ ಭಾಗಗಳ ಬೆಲೆಯನ್ನು ಅವು ಗಡಿ ದಾಟಿ ಬಂದ ಜಾಗದಿಂದ ಕಾರಿನವರೆಗೂ ಬೆನ್ನಟ್ಟಿ ಕಳೆಯಬೇಕು ಎಂದಿತು. ಕಾರಿನ ಶೇಕಡಾವಾರು 50ರಿಂದ ಶುರುವಾಗಿ, 1998ರಲ್ಲಿ 56ಕ್ಕೆ, 2002ರಲ್ಲಿ 62.5ಕ್ಕೆ ಏರಿತು. ಆಗಲೂ ಮೆಟ್ಟಿಲುಗಳೇ, ನೋಡಿ. ಆದರೆ ಆ ಪಟ್ಟಿ 1990ರ ದಶಕದ ಆರಂಭದ ಕಾರನ್ನು ಕಣ್ಣ ಮುಂದಿಟ್ಟುಕೊಂಡು ಬರೆದದ್ದು. ಆಮೇಲೆ ಕಾರಿನೊಳಗೆ ಬಂದ ಎಲೆಕ್ಟ್ರಾನಿಕ್ಸ್‌ನಲ್ಲಿ ಬಹಳಷ್ಟು ಅದರಲ್ಲಿ ಇರಲೇ ಇಲ್ಲ. ಪಟ್ಟಿಯಲ್ಲಿ ಇಲ್ಲದ್ದನ್ನು ಬೆನ್ನಟ್ಟುವಂತಿಲ್ಲ. ಏಷ್ಯಾದಿಂದ ಬಂದ ಭಾಗವೂ ಲೆಕ್ಕದಲ್ಲಿ ಉತ್ತರ ಅಮೆರಿಕದ್ದಾಗಿಯೇ ಉಳಿಯುತ್ತಿತ್ತು. ಹೀಗೆ ಕಾಗದದ ಮೇಲೆ 62.5 ಹಾಗೇ ನಿಂತಿತ್ತು, ಅದರೊಳಗಿನ ತಿರುಳು ವರ್ಷದಿಂದ ವರ್ಷಕ್ಕೆ ಕರಗುತ್ತಿತ್ತು. ನಿಯಮ ಬದಲಾಗದೆ ಇರುವುದೂ ಒಂದು ಬಗೆಯ ಬದಲಾವಣೆ ಎಂದು ನಾನು ಹೇಳುವುದು ಇದಕ್ಕೇ.

2018ರ ನವೆಂಬರ್ 30ರಂದು ಬ್ಯೂನಸ್ ಐರಿಸ್‌ನಲ್ಲಿ ಸಹಿಯಾದ ಹೊಸ ಒಪ್ಪಂದ ಈ ತೂತನ್ನು ಮುಚ್ಚಿತು. ಪಟ್ಟಿ ಹೋಯಿತು. ಕಾರಿಗೆ ಶೇ 75 ಬಂತು. ಬಿಡಿಭಾಗಗಳನ್ನು ಮೂರು ದರ್ಜೆ ಮಾಡಿ, ಕೋರ್ ಭಾಗಕ್ಕೆ 75, ಪ್ರಿನ್ಸಿಪಲ್ ಭಾಗಕ್ಕೆ 70, ಕಾಂಪ್ಲಿಮೆಂಟರಿ ಭಾಗಕ್ಕೆ 65 ಎಂದು ನೆಟ್ ಕಾಸ್ಟ್ ಲೆಕ್ಕದಲ್ಲಿ ಗೊತ್ತುಮಾಡಿತು. ವ್ಯವಹಾರದ ಬೆಲೆಯ, ಅಂದರೆ ಮಾರಿದ ಬೆಲೆಯ, ಲೆಕ್ಕಕ್ಕೆ ಹೋದರೆ ಪ್ರತಿಯೊಂದಕ್ಕೂ ಹತ್ತು ಅಂಶ ಜಾಸ್ತಿ. ಇದರ ಮೇಲೆ ಎಂಜಿನ್, ಟ್ರಾನ್ಸ್‌ಮಿಷನ್, ಬಾಡಿ ಮತ್ತು ಚಾಸಿ, ಆ್ಯಕ್ಸಲ್, ಸಸ್ಪೆನ್ಷನ್, ಸ್ಟೀರಿಂಗ್, ಹೊಸ ಬಗೆಯ ಬ್ಯಾಟರಿ ಎಂಬ ಏಳೂ ಸ್ವತಃ ಮೂಲ ಪಾಸಾಗಿರಬೇಕು. ಇಲ್ಲದಿದ್ದರೆ ಇಡೀ ಕಾರೇ ಬೀಳುತ್ತದೆ. ನಿಮ್ಮ ಖರೀದಿದಾರರು ಇಷ್ಟು ಗಡಿಬಿಡಿಯಲ್ಲಿ ಕಡತ ಕೇಳುತ್ತಿರುವುದು ಏಕೆಂದು ಈಗ ಅರ್ಥವಾಗಿರಬೇಕು. ಅವರ ಕಾರಿನ ಏಳು ಕಾಲುಗಳಲ್ಲಿ ಒಂದು ನಿಮ್ಮ ಮಾಲಿನ ಮೇಲೆ ನಿಂತಿದೆ.

ಇನ್ನು ನಿಯಮ ಯಾರು ಬದಲಾಯಿಸುತ್ತಾರೆ ಎಂಬ ಪ್ರಶ್ನೆ. ಒಪ್ಪಂದದೊಳಗೇ ಬರೆದಿಟ್ಟ ಮೆಟ್ಟಿಲಿನ ಬಗೆಯನ್ನು ನೀವು ಅನುಭವಿಸಿಯೇ ಆಗಿದೆ. ಎರಡನೆಯದು ಮಾತಾಡಿ ಬದಲಿಸುವುದು. ನಾಫ್ತಾ ಇದ್ದಾಗ ಮೂರು ದೇಶದ ಅಧಿಕಾರಿಗಳು ಕೂತು, ತಮ್ಮ ಉದ್ಯಮದವರ ಅಭಿಪ್ರಾಯ ಕೇಳಿ, ಕೆಲವು ಸರಕುಗಳ ನಿಯಮವನ್ನು ಸಡಿಲಿಸುತ್ತಿದ್ದರು. 2003ರ ಜನವರಿಯಲ್ಲಿ ಮುತ್ತಿನ ಆಭರಣ, ಫೋಟೊಕಾಪಿಯರ್, ಮೈಕ್ ಇರುವ ಹೆಡ್‌ಫೋನ್ ಮುಂತಾದವಕ್ಕೆ ಹಾಗೆ ಆಯಿತು. ಅಮೆರಿಕದಲ್ಲಿ ಇಂಥ ಬದಲಾವಣೆಗೆ ಹೊಸ ಕಾನೂನು ಬೇಕಿರಲಿಲ್ಲ. ನಿಗದಿತ ಸಮಾಲೋಚನೆ ಮುಗಿಸಿ ಅಧ್ಯಕ್ಷರು ಘೋಷಣೆ ಹೊರಡಿಸಿದರೆ ಸಾಕಾಗುತ್ತಿತ್ತು. ಇವು ಸಾಮಾನ್ಯವಾಗಿ ಉದ್ಯಮದವರೇ ಬೇಡಿ ತಂದ ಬದಲಾವಣೆಗಳು. ಕಚ್ಚಾ ಸಾಮಗ್ರಿ ಒಳಗೆ ಸಿಗುತ್ತಿಲ್ಲ, ಹೊರಗಿನಿಂದ ತರುವುದು ಬಿಟ್ಟರೆ ದಾರಿಯಿಲ್ಲ ಎಂದು ತಯಾರಕರು ಅರ್ಜಿ ಹಾಕುತ್ತಾರೆ, ಪ್ರತಿಸ್ಪರ್ಧಿಗಳು ತಕರಾರು ಮಾಡದಿದ್ದರೆ ಕೆಲಸ ಆಗುತ್ತದೆ. ಸಣ್ಣ ಕಂಪನಿಗಳು ಈ ಬಾಗಿಲನ್ನು ತಟ್ಟುವುದೇ ಇಲ್ಲ, ಅದು ದೊಡ್ಡವರ ಬಾಗಿಲು ಎಂದುಕೊಂಡಿರುತ್ತವೆ. ಸಾರ್ವಜನಿಕ ಅಭಿಪ್ರಾಯಕ್ಕೆ ಕರೆ ಬಂದಾಗ ನಿಮ್ಮ ಉದ್ಯಮ ಸಂಘದ ಮೂಲಕವಾದರೂ ಒಂದು ಪುಟ ಬರೆದು ಕಳಿಸಿ.

ಹೊರಗೂ ಇದೇ ನಡೆಯುತ್ತದೆ. ಐರೋಪ್ಯ ಒಕ್ಕೂಟ ಮತ್ತು ಬ್ರಿಟನ್ ನಡುವಿನ ಒಪ್ಪಂದದಲ್ಲಿ ವಿದ್ಯುತ್ ಕಾರು ಮತ್ತು ಬ್ಯಾಟರಿಯ ಮೂಲ ನಿಯಮ 2024ರ ಜನವರಿ 1ಕ್ಕೆ ಬಿಗಿಯಾಗಬೇಕಿತ್ತು. ಬ್ಯಾಟರಿ ಕಾರ್ಖಾನೆಗಳು ಅಷ್ಟು ಬೇಗ ಎದ್ದು ನಿಲ್ಲಲಿಲ್ಲ. 2023ರ ಡಿಸೆಂಬರಿನಲ್ಲಿ, ಇನ್ನು ಕೆಲವೇ ದಿನ ಇದೆ ಎನ್ನುವಾಗ, ಹಳೆಯ ಸಡಿಲ ನಿಯಮವನ್ನೇ 2026ರ ಕೊನೆಯವರೆಗೆ ವಿಸ್ತರಿಸಿದರು. ಬರೆದಿಟ್ಟ ಮೆಟ್ಟಿಲು ಕೂಡ ಕೊನೆಯ ಗಳಿಗೆಯಲ್ಲಿ ಜರುಗಬಹುದು ಎನ್ನುವುದಕ್ಕೆ ಇದು ಉದಾಹರಣೆ. ಜರುಗುತ್ತದೆ ಎಂದು ನಂಬಿ ಕೂರುವುದು ಮಾತ್ರ ಬೇಡ. ನಿಮ್ಮ ಶೇ 75 ಜರುಗಲಿಲ್ಲ.

ಮೂರನೆಯ ಬಗೆ ಯಾರ ಕಣ್ಣಿಗೂ ಸುಲಭಕ್ಕೆ ಬೀಳುವುದಿಲ್ಲ. ಮೂಲ ನಿಯಮಗಳೆಲ್ಲ ಎಚ್‌ಎಸ್ ಕೋಡಿನ, ಅಂದರೆ ಕಸ್ಟಮ್ಸ್‌ನವರು ಪ್ರತಿ ಬಗೆಯ ಸರಕಿಗೆ ಕೊಡುವ ಅಂಕಿಯ, ಭಾಷೆಯಲ್ಲಿ ಬರೆದಿರುತ್ತವೆ. ‘ಬೇರೆ ಯಾವುದೇ ಶೀರ್ಷಿಕೆಯಿಂದ ಈ ಶೀರ್ಷಿಕೆಗೆ ಬದಲಾವಣೆ’ ಎಂಬ ವಾಕ್ಯ ನೀವು ನೂರು ಸಲ ಓದಿರುತ್ತೀರಿ. ಶೀರ್ಷಿಕೆ ಎಂದರೆ ಕೋಡಿನ ಮೊದಲ ನಾಲ್ಕು ಅಂಕಿ; ಹೊರಗಿನ ಸಾಮಗ್ರಿಯದೂ ತಯಾರಾದ ಸರಕಿನದೂ ಬೇರೆ ಬೇರೆ ಆಗಿರಬೇಕು ಎಂದು ಆ ವಾಕ್ಯದ ಅರ್ಥ. ಆ ಕೋಡುಗಳನ್ನು ವಿಶ್ವ ಕಸ್ಟಮ್ಸ್ ಸಂಸ್ಥೆ ಸುಮಾರು ಐದು ವರ್ಷಕ್ಕೊಮ್ಮೆ ತಿದ್ದುತ್ತದೆ: 2007, 2012, 2017, 2022. ಕಳೆದ ತಿದ್ದುಪಡಿಯಲ್ಲಿ ವಿಮಾನದ ಬಿಡಿಭಾಗಗಳ 8803 ಎಂಬ ಶೀರ್ಷಿಕೆಯೇ ರದ್ದಾಯಿತು, ಅವು ಹೊಸ 8807ಕ್ಕೆ ಹೋದವು. ಡ್ರೋನ್‌ಗಳಿಗೆ 8806 ಎಂಬ ಹೊಸ ಮನೆ ಸಿಕ್ಕಿತು. ‘8803 ಬಿಟ್ಟು ಬೇರೆ ಯಾವುದರಿಂದ ಬಂದರೂ ಸರಿ’ ಎಂದು ಹಳೆಯ ನಿಯಮದಲ್ಲಿ ಇದ್ದರೆ, ಇಲ್ಲದ ಶೀರ್ಷಿಕೆಯನ್ನು ಬಿಡುವುದು ಹೇಗೆ? ಒಪ್ಪಂದದ ಅನುಬಂಧವನ್ನು ಹೊಸ ಕೋಡಿಗೆ ಹೊಂದಿಸಿ ಬರೆಯುವವರೆಗೆ ಇನ್‌ವಾಯ್ಸ್‌ನಲ್ಲಿ ಒಂದು ಕೋಡ್, ಮೂಲದ ನಿಯಮದಲ್ಲಿ ಇನ್ನೊಂದು ಕೋಡ್ ಇಟ್ಟುಕೊಂಡು ಎರಡನ್ನೂ ಜೋಡಿಸುವ ಪಟ್ಟಿಯೊಂದಿಗೆ ಕೆಲಸ ಮಾಡಬೇಕಾಗುತ್ತದೆ. ಅರ್ಥ ಬದಲಾಗಬಾರದು ಎಂಬುದು ಈ ಹೊಂದಾಣಿಕೆಯ ಉದ್ದೇಶ. ಆದರೆ ಒಂದು ಶೀರ್ಷಿಕೆ ಎರಡಾಗಿ ಒಡೆದಾಗ, ಮೊದಲು ಒಂದೇ ಶೀರ್ಷಿಕೆಯೊಳಗಿನ ಜೋಡಣೆ ಎನಿಸಿದ್ದು ಈಗ ಶೀರ್ಷಿಕೆ ದಾಟಿದ ತಯಾರಿಕೆ ಎನಿಸಿಬಿಡಬಹುದು. ನಿಮ್ಮ ಸ್ಟೀರಿಂಗ್ ಭಾಗ ಶೇಕಡಾವಾರಿನ ಮೇಲೆ ನಿಂತಿರುವುದರಿಂದ ನಿಮಗೆ ಇದರ ಕಾಟ ಕಡಿಮೆ. ಆದರೂ ನೀವು ಕೊಳ್ಳುವ ಒಳಭಾಗಗಳನ್ನು ಸ್ಥಳೀಯ ಎಂದು ಎಣಿಸುತ್ತಿದ್ದರೆ, ಆ ಸಪ್ಲೈಯರುಗಳಿಗೆ ಕಾಟ ಇರಬಹುದು.

ನಾಲ್ಕನೆಯದು ವ್ಯಾಖ್ಯಾನ. ಪದ ಒಂದೂ ಬದಲಾಗುವುದಿಲ್ಲ, ಓದುವ ರೀತಿ ಬದಲಾಗುತ್ತದೆ. ಅದರ ಅತಿ ದೊಡ್ಡ ಉದಾಹರಣೆ ನಿಮ್ಮದೇ ಕೋರ್ ಭಾಗಗಳ ಮೇಲೆ ನಡೆದದ್ದು. ಕೋರ್ ಭಾಗದ ಶೇ 75 ಲೆಕ್ಕಕ್ಕೆ ಒಪ್ಪಂದ ಕೆಲವು ಸುಲಭ ದಾರಿಗಳನ್ನು ಕೊಟ್ಟಿದೆ. ಆ ಭಾಗದೊಳಗಿನ ಮುಖ್ಯ ತುಂಡುಗಳನ್ನು ಮಾತ್ರ ಲೆಕ್ಕಕ್ಕೆ ಹಿಡಿಯಬಹುದು, ಏಳನ್ನೂ ಒಟ್ಟಿಗೆ ಒಂದೇ ಭಾಗವೆಂದು ಎಣಿಸಬಹುದು. ಹೀಗೆ ಪಾಸಾದ ಭಾಗವನ್ನು ಆಮೇಲೆ ಇಡೀ ಕಾರಿನ ಶೇ 75 ಲೆಕ್ಕ ಹಾಕುವಾಗ ಪೂರ್ತಿ ಸ್ಥಳೀಯ ಎಂದು ಎಣಿಸಬಹುದೇ? ಮೆಕ್ಸಿಕೊ, ಕೆನಡಾ ಹೌದು ಎಂದವು. ಅಮೆರಿಕ ಇಲ್ಲ ಎಂದಿತು.

ಅಂಕಿಯಲ್ಲಿ ನೋಡಿದರೆ ವ್ಯತ್ಯಾಸ ಕಣ್ಣಿಗೆ ಹೊಡೆಯುತ್ತದೆ. ಕಾರಿನ ನೆಟ್ ಕಾಸ್ಟ್ 20,000 ಡಾಲರ್ ಎಂದಿಟ್ಟುಕೊಳ್ಳಿ. ಕೋರ್ ಭಾಗಗಳ ಒಳಗೆ ಅಡಗಿರುವ ವಿದೇಶಿ ಸಾಮಗ್ರಿ 1,500, ಕಾರಿನ ಉಳಿದ ಕಡೆ ಇರುವ ವಿದೇಶಿ ಸಾಮಗ್ರಿ 4,500. ಪಾಸಾದ ಭಾಗ ಪೂರ್ತಿ ನಮ್ಮದೇ ಎಂದು ಎಣಿಸಿಬಿಟ್ಟರೆ, ವಿದೇಶಿಯಾಗಿ ಉಳಿಯುವುದು 4,500 ಮಾತ್ರ. ಆಗ ಪ್ರಾದೇಶಿಕ ಮೌಲ್ಯ ಶೇ 77.5, ಕಾರು ಪಾಸು. ಹಾಗೆ ಎಣಿಸುವಂತಿಲ್ಲ ಎಂದರೆ 6,000 ಕಳೆಯಬೇಕು. ಶೇ 70, ಕಾರು ಫೇಲ್. ಅದೇ ಕಾರು, ಅದೇ ವಾಕ್ಯ, ಎರಡು ಓದು. ಮೆಕ್ಸಿಕೊ 2022ರ ಜನವರಿಯಲ್ಲಿ ವಿವಾದ ಇತ್ಯರ್ಥದ ಮಂಡಳಿ ರಚಿಸಲು ಕೇಳಿತು, ಕೆನಡಾ ಜೊತೆಗೂಡಿತು. 2023ರ ಜನವರಿ 11ರಂದು ಬಹಿರಂಗವಾದ ವರದಿಯಲ್ಲಿ ಮಂಡಳಿ ಮೆಕ್ಸಿಕೊ ಮತ್ತು ಕೆನಡಾದ ಓದೇ ಸರಿ ಎಂದಿತು. ಆ ತೀರ್ಪಿನಿಂದ ನಿರಾಶೆಯಾಗಿದೆ ಎಂದು ಅಮೆರಿಕ ಹೇಳಿತು. ಒಪ್ಪಂದದ ಪಠ್ಯವನ್ನು ಹಲವು ಸಲ ಓದಿದ ಮೇಲೂ ನನಗೆ ಮಂಡಳಿಯ ತರ್ಕವೇ ಗಟ್ಟಿ ಅನಿಸುತ್ತದೆ. ಆದರೆ ತೀರ್ಪು ಬಂದಾಕ್ಷಣ ಗಡಿಯಲ್ಲಿ ಕೂತ ಅಧಿಕಾರಿಯ ಲೆಕ್ಕ ಬದಲಾಗುತ್ತದೆ ಎಂದುಕೊಳ್ಳುವಂತಿಲ್ಲ. ಈ ತೀರ್ಪನ್ನು ಎಷ್ಟರ ಮಟ್ಟಿಗೆ ನಂಬಿ ನಡೆಯಬೇಕು ಎಂಬ ಪ್ರಶ್ನೆ ನಿಮ್ಮ ಖರೀದಿದಾರರದು. ಅದಕ್ಕೇ ಅವರು ನಿಮ್ಮಂಥವರಿಂದ ಬರಿ ‘ಪಾಸು’ ಎಂಬ ಮಾತನ್ನಷ್ಟೇ ಕೇಳುತ್ತಿಲ್ಲ, ಒಳಗಿನ ಅಂಕಿಗಳನ್ನೂ ಕೇಳುತ್ತಾರೆ.

ಈಗ ನಿಮ್ಮ ಲೆಕ್ಕಕ್ಕೆ ಬರೋಣ. ನಿಮ್ಮದೇ ಬಗೆಯ ಒಂದು ಕಂಪನಿಯ ಎಕ್ಸೆಲ್ ಹಾಳೆಯ ಮುಂದೆ ನಾನು ಎರಡು ದಿನ ಕೂತಿದ್ದೆ. ಒಂದು ಸ್ಟೀರಿಂಗ್ ಕಾಲಮ್ಮಿನ ನೆಟ್ ಕಾಸ್ಟ್ 400 ಡಾಲರ್ ಎಂದು ಇಟ್ಟುಕೊಳ್ಳೋಣ, ವಿದೇಶಿ ಸಾಮಗ್ರಿ 110. ನಾನೂರರಿಂದ ನೂರಹತ್ತು ಕಳೆದು ನಾನೂರರಿಂದ ಭಾಗಿಸಿದರೆ ನಿಮ್ಮ 72.5 ಬರುತ್ತದೆ. ಆ 110 ಎಲ್ಲಿಂದ ಬಂತು? ಹಾಳೆಯಲ್ಲಿ ಆ ಅಂಕಿ ಇದ್ದ ಅಂಕಣದ ತಲೆಬರಹ ‘ಕಾರ್ಖಾನೆ ತಲುಪಿದ ಬೆಲೆ’ ಎಂದಿತ್ತು. ಅಂದರೆ ಏಷ್ಯಾದ ಎರಕದ ಭಾಗ ಮತ್ತು ಮೋಟಾರಿನ ಬೆಲೆಯ ಜೊತೆ ಹಡಗಿನ ಬಾಡಿಗೆ, ವಿಮೆ, ಬಂದರಿನಿಂದ ಕಾರ್ಖಾನೆಗೆ ಲಾರಿ, ಆಮದು ಸುಂಕ, ಕಸ್ಟಮ್ಸ್ ಏಜೆಂಟರ ಶುಲ್ಕ ಎಲ್ಲವೂ ಅದರೊಳಗೆ ಸೇರಿದ್ದವು. ಖರೀದಿ ವಿಭಾಗದವರಿಗೆ ಅದು ಸಹಜ ಅಂಕಿ. ಅವರಿಗೆ ಬೇಕಿರುವುದು ಒಟ್ಟು ಖರ್ಚು. ಆದರೆ ಒಪ್ಪಂದದ 4.7ನೇ ವಿಧಿ, ವಿದೇಶಿ ಸಾಮಗ್ರಿಯ ಮೌಲ್ಯದಿಂದ ಅದನ್ನು ತಯಾರಕರ ಜಾಗಕ್ಕೆ ತರುವ ಸಾಗಣೆ, ವಿಮೆ, ಪ್ಯಾಕಿಂಗ್ ವೆಚ್ಚವನ್ನೂ, ಅದರ ಮೇಲೆ ಇಲ್ಲಿ ಕಟ್ಟಿದ, ವಾಪಸ್ ಬರದ ಸುಂಕ, ತೆರಿಗೆ, ಏಜೆಂಟ್ ಶುಲ್ಕವನ್ನೂ ಕಳೆಯಲು ಬಿಡುತ್ತದೆ. ತಯಾರಿಕೆಯಲ್ಲಿ ಹಾಳಾದ ಸಾಮಗ್ರಿಯ ಬೆಲೆಯನ್ನೂ ಕಳೆಯಬಹುದು, ಅದರಲ್ಲಿ ಗುಜರಿಯಾಗಿ ಮರಳಿ ಉಪಯೋಗಕ್ಕೆ ಬರುವುದನ್ನು ಬಿಟ್ಟು.

ಈ ಬಾಬ್ತುಗಳೆಲ್ಲ ಸೇರಿ 12 ಡಾಲರ್ ಆದರೆ ವಿದೇಶಿ ಮೌಲ್ಯ 98ಕ್ಕೆ ಇಳಿಯುತ್ತದೆ. ಶೇ 75.5. ನಿಮ್ಮ ಮಾಲು ಪಾಸು, ಅದೂ ಕಾರ್ಖಾನೆಯಲ್ಲಿ ಒಂದು ನಟ್ಟನ್ನೂ ಅಲುಗಾಡಿಸದೆ. ಆದರೆ ಪ್ರತಿ ಡಾಲರಿಗೂ ಕಾಗದ ಬೇಕು. ಹಡಗಿನ ಬಿಲ್ಲು, ಸುಂಕ ಕಟ್ಟಿದ ರಸೀದಿ, ಏಜೆಂಟರ ಇನ್‌ವಾಯ್ಸ್ ಇಲ್ಲದೆ ಅಂದಾಜಿನ ಮೇಲೆ ಕಳೆದ ಮೊತ್ತ ಪರಿಶೀಲನೆಯಲ್ಲಿ ಮೊದಲು ಹಾರಿಹೋಗುತ್ತದೆ.

ಅದೇ ಹಾಳೆಯಲ್ಲಿ ಉಲ್ಟಾ ತಪ್ಪೂ ಇತ್ತು, ಅದನ್ನೂ ಹೇಳಬೇಕು. ಬೇರಿಂಗುಗಳ ಎದುರು ‘ಸ್ಥಳೀಯ’ ಎಂದು ಬರೆದಿತ್ತು, ಏಕೆಂದರೆ ಬಿಲ್ಲು ಊರಿನ ವ್ಯಾಪಾರಿಯದು. ಆ ವ್ಯಾಪಾರಿ ಬೇರಿಂಗ್ ತಯಾರಿಸುವವನಲ್ಲ, ಆಮದು ಮಾಡಿ ಮಾರುವವನು. ಮಾರುವ ಅಂಗಡಿ ಎಲ್ಲಿದೆ ಎಂಬುದಕ್ಕೂ ಸರಕಿನ ಮೂಲಕ್ಕೂ ಸಂಬಂಧವೇ ಇಲ್ಲ. ಸಪ್ಲೈಯರು ಲಿಖಿತವಾಗಿ ಮೂಲ ಹೇಳದ ಹೊರತು ಆ ಸಾಮಗ್ರಿ ‘ಮೂಲ ಗೊತ್ತಾಗದ್ದು’ ಎನಿಸುತ್ತದೆ, ಲೆಕ್ಕದಲ್ಲಿ ವಿದೇಶಿಯೇ. ನಿಮ್ಮ ಬಿಲ್ ಆಫ್ ಮೆಟೀರಿಯಲ್ಸ್ (ಮಾಲಿಗೆ ಬೇಕಾದ ಸಾಮಗ್ರಿಗಳ ಪಟ್ಟಿ) ಹಿಡಿದು ಒಂದೊಂದು ಸಾಲಿಗೂ ಈ ಪ್ರಶ್ನೆ ಕೇಳಿ: ಇದು ನಮ್ಮದು ಎನ್ನಲು ಕೈಯಲ್ಲಿ ಯಾವ ಕಾಗದ ಇದೆ, ಅದರ ತಾರೀಖು ಯಾವುದು? ಹಾಗೆ ಕೇಳಿದಾಗ 75.5 ಮತ್ತೆ 74ಕ್ಕೆ ಇಳಿಯಲೂಬಹುದು. ಇಳಿದರೆ ಇಳಿಯಲಿ. ಈಗ ನಿಮಗೆ ಬೇಕಿರುವುದು ಒಳ್ಳೆಯ ಅಂಕಿಯಲ್ಲ, ನಿಲ್ಲುವ ಅಂಕಿ.

ಇನ್ನೂ ಎರಡು ದಾರಿಗಳಿವೆ. ಬಿಡಿಭಾಗ ತಯಾರಕರು ತಿಂಗಳು, ತ್ರೈಮಾಸಿಕ ಅಥವಾ ಆರ್ಥಿಕ ವರ್ಷದ ಸರಾಸರಿ ಹಿಡಿದು ಲೆಕ್ಕ ಹಾಕಬಹುದು. ವಿನಿಮಯ ದರ ಏರಿಳಿದಾಗ ಒಂದು ತಿಂಗಳು 74.6, ಇನ್ನೊಂದು ತಿಂಗಳು 75.8 ಎಂದು ಕುಣಿಯುವ ಮಾಲಿಗೆ ಇದು ದೊಡ್ಡ ಆಸರೆ. ಮತ್ತೆ, ನಿಮ್ಮಲ್ಲೇ ತಯಾರಾಗುವ ಒಳಜೋಡಣೆಯೊಂದು ಸ್ವತಃ ಮೂಲ ಪಾಸಾಗುವುದಾದರೆ ಅದನ್ನು ‘ಇಂಟರ್‌ಮೀಡಿಯಟ್ ಮೆಟೀರಿಯಲ್’ ಎಂದು ಗುರುತಿಸಿ ಅದರ ಪೂರ್ತಿ ಮೌಲ್ಯವನ್ನು ಸ್ಥಳೀಯ ಎಂದು ಎಣಿಸಬಹುದು. ಇದಕ್ಕೆ ಷರತ್ತುಗಳಿವೆ, ಅನುಭವಿ ಲೆಕ್ಕಿಗರನ್ನು ಕೂರಿಸಿಕೊಳ್ಳದೆ ಕೈ ಹಾಕಬೇಡಿ.

ಇಷ್ಟೆಲ್ಲ ಮಾಡಿದ ಮೇಲೂ 75 ಮುಟ್ಟದಿದ್ದರೆ? ಆಗ ತಡಮಾಡದೆ ಮಾಡಬೇಕಾದ ಕೆಲಸ ಒಂದೇ. ನೀವು ಕೊಟ್ಟ ಸರ್ಟಿಫಿಕೇಟ್ ತಪ್ಪಾಗಿದೆ ಎಂದು, ಯಾವ ತಾರೀಖಿನಿಂದ ತಪ್ಪು ಎಂದು, ಅದನ್ನು ಪಡೆದವರಿಗೆಲ್ಲ ಲಿಖಿತವಾಗಿ ತಿಳಿಸಿ. ಹಾಗೆ ತಿಳಿಸುವುದು ಒಪ್ಪಂದ ನಿಮ್ಮ ಮೇಲೆ ಹೊರಿಸಿರುವ ಕರ್ತವ್ಯ. ತಾವಾಗಿಯೇ ತಿಳಿಸಿದ ರಫ್ತುದಾರ ಅಥವಾ ತಯಾರಕರಿಗೆ ತಪ್ಪು ಸರ್ಟಿಫಿಕೇಟ್ ಕೊಟ್ಟದ್ದಕ್ಕೆ ದಂಡ ಹಾಕುವಂತಿಲ್ಲ ಎಂದು ಅದೇ ಒಪ್ಪಂದ ಹೇಳುತ್ತದೆ. ಖರೀದಿದಾರರು ಸುಂಕದ ವ್ಯತ್ಯಾಸ ಕಟ್ಟಬೇಕಾಗಬಹುದು, ಅದನ್ನು ನಿಮ್ಮ ಮೇಲೆ ಹಾಕಲೂಬಹುದು. ಆ ಮಾತುಕತೆ ಕಷ್ಟದ್ದು, ನಿಜ. ಪರಿಶೀಲನೆಯ ಅಧಿಕಾರಿಯೇ ಅದನ್ನು ಹೆಕ್ಕಿ ತೆಗೆದ ಮೇಲೆ ನಡೆಯುವ ಮಾತುಕತೆ ಇನ್ನೂ ಕಷ್ಟದ್ದು. ದಾಖಲೆಗಳನ್ನು ಐದು ವರ್ಷ ಇಡಬೇಕು. ಹಳೆಯ ಲೆಕ್ಕದ ಹಾಳೆಗಳನ್ನು ಈಗ ತಿದ್ದಲು ಹೋಗಬೇಡಿ. ಹೊಸ ಹಾಳೆ ಮಾಡಿ, ಹೊಸ ತಾರೀಖು ಹಾಕಿ, ಎರಡನ್ನೂ ಇಡಿ.

ಹಿಂದೆ ಇಷ್ಟು ತಲೆಬಿಸಿ ಏಕೆ ಇರಲಿಲ್ಲ ಎಂದು ನಿಮಗೆ ಅನಿಸಬಹುದು. ಕಾರಣ ಇದೆ. ನಿಮ್ಮ ಮಾಲಿನ ಮೇಲೆ ಅಮೆರಿಕದ ಸಾಮಾನ್ಯ ಸುಂಕ ಶೇ 2.5 ಮಾತ್ರ. ಕಾರಿಗೂ ಅಷ್ಟೇ. ಕಾಗದದ ಕೆಲಸಕ್ಕೆ ಅದಕ್ಕಿಂತ ಹೆಚ್ಚು ಖರ್ಚಾಗುವಾಗ ಎಷ್ಟೋ ಆಮದುದಾರರು ಎರಡೂವರೆ ಕಟ್ಟಿ ಸುಮ್ಮನಾಗುತ್ತಿದ್ದರು. ಪಿಕಪ್ ಟ್ರಕ್ಕಿನ ಮೇಲೆ 1964ರಿಂದ ಶೇ 25 ಇರುವುದರಿಂದ ಅದನ್ನು ತರುವವರು ಮಾತ್ರ ಮೂಲ ನಿಯಮವನ್ನು ಬಿಗಿಯಾಗಿ ಹಿಡಿದಿದ್ದರು. 2025ರಲ್ಲಿ ಆ ಲೆಕ್ಕ ತಲೆಕೆಳಗಾಯಿತು. ಮಾರ್ಚಿನಲ್ಲಿ ಕೆನಡಾ, ಮೆಕ್ಸಿಕೊ ಸರಕುಗಳ ಮೇಲೆ ಹೆಚ್ಚುವರಿ ಸುಂಕ ಹೇರಿದ ಅಮೆರಿಕ, ಕೆಲವೇ ದಿನಗಳಲ್ಲಿ ಒಪ್ಪಂದದ ಮೂಲ ನಿಯಮ ಪಾಲಿಸಿದ ಸರಕನ್ನು ಅದರಿಂದ ಬಿಟ್ಟಿತು. ಏಪ್ರಿಲಿನಲ್ಲಿ ಕಾರುಗಳಿಗೆ, ಮೇ ತಿಂಗಳಲ್ಲಿ ಬಿಡಿಭಾಗಗಳಿಗೆ ಶೇ 25 ಬಂದಾಗಲೂ ನಿಯಮ ಪಾಲಿಸಿದ ಬಿಡಿಭಾಗಗಳನ್ನು ಸದ್ಯಕ್ಕೆ ಹೊರಗಿಟ್ಟರು. ಎರಡೂವರೆ ಉಳಿಸುವ ಕಾಗದ ಇದ್ದಕ್ಕಿದ್ದಂತೆ ಇಪ್ಪತ್ತೈದು ಉಳಿಸುವ ಕಾಗದವಾಯಿತು. ಬೆಲೆ ಏರಿದ ಕಾಗದವನ್ನು ಎಲ್ಲರೂ ಬೆಳಕಿಗೆ ಹಿಡಿದು ನೋಡುತ್ತಾರೆ. ನಿಮ್ಮ ಕಡತ ಈಗ ಹೊರಬಂದಿರುವುದು ಬಹುಶಃ ಇದೇ ಕಾರಣಕ್ಕೆ.

ಮುಂದಿನದು ಎರಡು ತಾರೀಖು. ಒಪ್ಪಂದದ 34.7ನೇ ವಿಧಿ ಆರನೇ ವರ್ಷದ ದಿನಕ್ಕೆ, ಅಂದರೆ 2026ರ ಜುಲೈ 1ಕ್ಕೆ, ಜಂಟಿ ಪರಿಶೀಲನೆ ನಿಗದಿ ಮಾಡಿದೆ. ಮೂವರೂ ಒಪ್ಪಿದರೆ ಹದಿನಾರು ವರ್ಷದ ಅವಧಿ ಅಲ್ಲಿಂದ ಹೊಸದಾಗಿ ಶುರು. ಒಬ್ಬರು ಒಪ್ಪದಿದ್ದರೂ ಒಪ್ಪಂದ ಅಂದೇ ಸಾಯುವುದಿಲ್ಲ. ವರ್ಷಕ್ಕೊಮ್ಮೆ ಪರಿಶೀಲನೆ ನಡೆಯುತ್ತಾ 2036ರವರೆಗೆ ಉಳಿಯುತ್ತದೆ. ಈ ಏರ್ಪಾಟಿನಲ್ಲಿ ಮೂಲ ನಿಯಮ ಯಾವತ್ತೂ ಚೌಕಾಸಿಯ ಮೇಜಿನ ಮೇಲೇ ಇರುತ್ತದೆ ಎಂಬುದನ್ನು ಗಮನದಲ್ಲಿಡಿ. ಹಾಗಾಗಿ 75ಕ್ಕೆ ಸರಿಯಾಗಿ ನಿಲ್ಲುವ ಹಾಗೆ ಖರೀದಿ ಯೋಜಿಸಬೇಡಿ, ಎರಡು ಮೂರು ಅಂಶದ ಅಂತರ ಇಟ್ಟುಕೊಳ್ಳಿ.

ಎರಡನೆಯದು 2027ರ ಜುಲೈ 1. ಕಾರು ಕಂಪನಿ ಕೊಳ್ಳುವ ಉಕ್ಕು ಮತ್ತು ಅಲ್ಯುಮಿನಿಯಮ್ಮಿನಲ್ಲಿ ಶೇ 70 ಉತ್ತರ ಅಮೆರಿಕದ್ದಾಗಿರಬೇಕು ಎಂಬ ಷರತ್ತು ಮೊದಲಿನಿಂದಲೂ ಇದೆ. 2019ರ ಡಿಸೆಂಬರಿನ ತಿದ್ದುಪಡಿ ಉಕ್ಕಿಗೆ ಇನ್ನೊಂದು ಸೇರಿಸಿತು: ಒಪ್ಪಂದ ಜಾರಿಯಾಗಿ ಏಳು ವರ್ಷವಾದ ಮೇಲೆ, ಕರಗಿಸುವುದರಿಂದ ಹಿಡಿದು ಎಲ್ಲ ಹಂತವೂ ಒಳಗೇ ಆಗಿರಬೇಕು. ಹೊರಗಿನಿಂದ ಸ್ಲ್ಯಾಬ್ (ಎರಕ ಹೊಯ್ದ ದಪ್ಪ ಉಕ್ಕಿನ ಹಲಗೆ) ತಂದು ಇಲ್ಲಿ ಹಾಳೆ ಎಳೆದರೆ ಆಗ ಸಾಲದು. ಷರತ್ತು ಕಾರು ಕಂಪನಿಯ ಮೇಲೆ ಇರುವುದು ನಿಜ. ಆದರೆ ಪ್ರಶ್ನೆಗಳ ಪಟ್ಟಿ ಸಪ್ಲೈಯರುಗಳಿಗೂ ಇಳಿದು ಬರುತ್ತದೆ ಎಂದೇ ಇಟ್ಟುಕೊಳ್ಳಿ. ಈ ವಾರ ನಿಮ್ಮ ಸಪ್ಲೈಯರುಗಳಿಗೆ ಮೂಲದ ಪತ್ರ ಕೇಳಿ ಬರೆಯುತ್ತೀರಲ್ಲ, ಉಕ್ಕಿನ ಟ್ಯೂಬ್ ಕೊಡುವವರ ಪತ್ರದಲ್ಲಿ ಒಂದು ಸಾಲು ಹೆಚ್ಚು ಬರೆಯಿರಿ: ಈ ಉಕ್ಕು ಯಾವ ದೇಶದಲ್ಲಿ ಕರಗಿದ್ದು, ಯಾವ ದೇಶದಲ್ಲಿ ಎರಕವಾದದ್ದು, ಮಿಲ್ ಸರ್ಟಿಫಿಕೇಟಿನ ಪ್ರತಿ ಕಳಿಸಿ ಎಂದು.